ಪರದೆಯ ಕೆಳಗಿನ ಅಕ್ಷರ

ಪರದೆಯ ಮೇಲೆ ನಾಯಕಿ ಏನೋ ಹೇಳಿ ಗಳಗಳನೆ ಅತ್ತಳು. ಕೆಳಗೆ ಒಂದಕ್ಷರವೂ ಮೂಡಲಿಲ್ಲ. ಕಿವಿ ಕೇಳದ ಅಕ್ಕ ತಮ್ಮನತ್ತ ತಿರುಗಿದಳು. ಅವಳ ಬ್ಲೂ-ರೇ ಡಿಸ್ಕ್‌ಗಳನ್ನೆಲ್ಲ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಅವನ್ನು ಗುಜರಿಗೆ ಹಾಕಿ ಬಂದ ಮಹಾರಾಯ ಅವನೇ.

“ಸಬ್‌ಟೈಟಲ್ ಎಲ್ಲೋ?”

“ನಮ್ಮ ಭಾಷೆ ಸಿನಿಮಾಕ್ಕೆ ಅದ್ಯಾಕೆ ಅಂತ ತೆಗೆದುಬಿಟ್ಟೆ ಕಣಕ್ಕ,” ಎಂದ ಅವನು, ಎಂದಿನಂತೆ ಅವಳಿಗೆ ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ. “ಸೌಂಡ್ ನೋಡು, ಥಿಯೇಟರ್ ಥರಾನೇ ಇದೆ!”

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಮನೆಯಲ್ಲಿ ಜೊತೆಜೊತೆಗೇ ಬೆಳೆದವನು! ರಿಮೋಟ್ ಕಿತ್ತುಕೊಂಡು ಸೌಂಡನ್ನು ಪೂರ್ತಿ ಬಂದ್ ಮಾಡಿದಳು. ಅವನನ್ನು ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಈಗ ನೋಡು. ಮುಗಿಯೋವರೆಗೂ ಏಳಬೇಡ. ಆಮೇಲೆ ಅವಳು ಯಾಕೆ ಅತ್ತಳು ಅಂತ ನಂಗೆ ಹೇಳು.”