ಒಂಟಿ ಸೀನು

"ಆ ಮರ ಅಲ್ಲಾಡ್ತಿದೆಯಲ್ಲ, ಅದಕ್ಕೇ ಗಾಳಿ ಬರ್ತಿದೆ," ಎಂದಳು ಮಗಳು, ಕಿಟಕಿಯಾಚೆ ನೋಡುತ್ತ. ಅವಳಿಗಿನ್ನೂ ಐದು ವರ್ಷ. ಕೈಯಲ್ಲಿ ತಲೆ ಕಳಚಿದ ಗೊಂಬೆ.

"ಉಲ್ಟಾ ಹೇಳ್ತಿದ್ದೀಯ ಪುಟ್ಟಿ. ಗಾಳಿ ಬೀಸೋದ್ರಿಂದ ಮರ ಅಲ್ಲಾಡುತ್ತೆ," ಎಂದು ಅಪ್ಪ ನಕ್ಕ. "ಯಾವುದರಿಂದ ಯಾವುದು ಆಗುತ್ತೆ ಅನ್ನೋದು ದೊಡ್ಡವಳಾದ ಮೇಲೆ ಗೊತ್ತಾಗುತ್ತೆ ಬಿಡು."

"ಗೊಂಬೆ ತಲೆ?"

"ಸಂಜೆ ಬಂದು ಹಾಕಿಕೊಡ್ತೀನಿ. ಆಫೀಸಿಗೆ ಆಗಲೇ ಲೇಟಾಯ್ತು."

ಅವನು ಬಾಗಿಲಾಚೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದಂತೆ ಮಗಳು ಸೀನಿದಳು.

ಅಪ್ಪ ಅಲ್ಲೇ ನಿಂತ. ಇನ್ನೊಂದು ಸೀನಿಗಾಗಿ ಕಾದ. ಬರಲಿಲ್ಲ.

"ಹೊರಡೋ ಹೊತ್ತಿಗೆ ಒಂಟಿ ಸೀನು ಒಳ್ಳೇದಲ್ಲ," ಎನ್ನುತ್ತ ಅಮ್ಮ ನೀರಿನ ಲೋಟ ತಂದಳು. "ಎರಡು ಬಂದಿದ್ರೆ ಚಿಂತೆ ಇರ್ಲಿಲ್ಲ. ಸ್ವಲ್ಪ ಕೂತು ಹೋಗಿ."

ಅಪ್ಪ ಗೊಣಗುತ್ತ ಒಳಗೆ ಬಂದು ಕುಳಿತ. ಸುಮ್ಮನೆ ಕೂತು ಮಾಡುವುದೇನು? ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ತಲೆ ಕೂರಿಸಿದ.

ಮಗಳು ಗೊಂಬೆಯ ಕತ್ತನ್ನು ಎಳೆದು ನೋಡಿದಳು. ಗಟ್ಟಿಯಾಗಿತ್ತು. ಆಮೇಲೆ ಅಪ್ಪನ ಮುಖವನ್ನೇ ನೋಡುತ್ತ ಮತ್ತೊಮ್ಮೆ ಸೀನಿದಳು.

"ಎರಡಾಯ್ತಪ್ಪ, ಇನ್ನು ಹೊರಡು."