ಕವಲಿನ ಸೊಪ್ಪು

ಸೊಪ್ಪು ಬಿದ್ದಿದ್ದು ದೊರೆಯ ಕಾಫಿ ತೋಟಕ್ಕೆ ಹೋಗುವ ದಾರಿಯ ಮೇಲೆ. ಬೀರಮ್ಮ ಕವಲಿನಲ್ಲಿ ನಿಂತು ನಕ್ಕೇಬಿಟ್ಟಳು. ಹಿಂದೆ ಬರುವವರು ದಾರಿ ತಪ್ಪಬಾರದೆಂದು ಮುಂದೆ ಹೋದವರು ತುಳಿಯಬಾರದ ದಾರಿಗೆ ಅಡ್ಡಲಾಗಿ ಹಸಿ ಸೊಪ್ಪು ಹಾಕುತ್ತಾರೆ. ಮುಂದೆ ಹೋಗಿದ್ದ ಗಂಡನೆಂಬ ಪುಣ್ಯಾತ್ಮ ಅದನ್ನೂ ತಿರುಗಾಮುರುಗಾ ಮಾಡಿದ್ದ. ಸೊಪ್ಪಿಲ್ಲದ ದಾರಿ ಇಳಿಯುತ್ತಿದ್ದದ್ದು ಬಿಕ್ಕೋಡಿಗೆ, ಅವಳ ತವರಿಗೆ.

ಬೆಳಗಿನಿಂದ ಗಂಡ ಹೆಂಡತಿ ಬೋಳುಗುಡ್ಡಗಳನ್ನು ಹತ್ತಿ ಇಳಿದು ಬಂದಿದ್ದರು. ಮರೆಗೆ ಒಂದು ಮರವೂ ಇಲ್ಲದ ಆ ಎತ್ತರದಲ್ಲಿ ಚಳಿಗಾಳಿ ಮೂಳೆ ಕೊರೆಯುತ್ತಿತ್ತು. ಅವಳ ಕಾಲಿಗೆ ಮುಳ್ಳು ಚುಚ್ಚಿದಾಗ ಅವನು ತನ್ನ ಕಂಬಳಿಯನ್ನೇ ತೆಗೆದು ಅವಳಿಗೆ ಹೊದಿಸಿದ್ದ.

"ಗಾಳಿ ಬಲು ಜೋರಾಗೈತೆ, ಬೆಚ್ಚಗೆ ಹೊದ್ಕೊ. ನೀನು ನಿಧಾನಕ್ಕೆ ಬಾ ಕಣೇ. ನಾನು ಮುಂದೆ ಹೋಗಿ ತೋಟದ ಮೇಸ್ತ್ರಿ ಹತ್ರ ಇಬ್ಬರಿಗೂ ಕೆಲಸ ಕೇಳಿರ್ತೀನಿ. ಕವಲಲ್ಲಿ ಸೊಪ್ಪು ಹಾಕಿರ್ತೀನಿ," ಅಂದಿದ್ದ. ಮದುವೆಯಾದಾಗಿನಿಂದ ಅವನು ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. ಆ ಮಾತಿನ ಬಿಸುಪಿನಲ್ಲೇ ಅವಳು ಕುಂಟುತ್ತಾ ಗುಡ್ಡ ಹತ್ತಿದ್ದಳು.

ಪಾಪ, ಅವನು ಸರಿಯಾಗೇ ಹಾಕಿರಬೇಕು, ಗಾಳಿ ಎಳೆದು ಈ ಕಡೆಗೆ ಹಾಕಿದೆ ಅಂದುಕೊಂಡಳು. ಎತ್ತಿ ತವರಿನ ದಾರಿಗೆ ಹಾಕೋಣವೆಂದು ಬಗ್ಗಿ ಎಳೆದರೆ ರೆಂಬೆ ಅಲ್ಲಾಡಲಿಲ್ಲ. ಎಲೆ ಸರಿಸಿದಳು. ರೆಂಬೆಯ ಬುಡದ ಮೇಲೆ ಗುಂಡುಕಲ್ಲು ಹೇರಿತ್ತು. ಗಾಳಿಗೆ ಹಾರಬಾರದೆಂದು, ತುದಿಯ ಮೇಲೂ ಇನ್ನೊಂದು. ಕಲ್ಲುಗಳ ಆಚೆ, ತೋಟದ ಕಡೆಗೆ, ಒದ್ದೆ ಮಣ್ಣಿನಲ್ಲಿ ಅವನ ಹೆಜ್ಜೆಗಳಿದ್ದವು.

ಬೀರಮ್ಮ ಕಂಬಳಿ ಕಿತ್ತು ಬಿಸಾಕಿದಳು. ತಾಳಿ ಕಟ್ಟಿಸಿಕೊಂಡ ದಿನದಿಂದ ನಾಲಿಗೆಯ ಮೇಲೆ ತಾರದ ಹೆಸರನ್ನು ಹಿಡಿದು, ಗುಡ್ಡ ಅದುರುವಂತೆ ಕೂಗಿದಳು:

"ಲೋ ಕೆಂಚಾ!"