ಸೀತಾಫಲದ ವಾಸನೆ

ರೊಟ್ಟಿ ನೀಡಲು ಸೊಸೆ ಬಗ್ಗಿದಾಗ ಕೆಂಚಣ್ಣನ ಮೂಗಿಗೆ ಆ ವಾಸನೆ ಬಡಿಯಿತು. ಕೊಳೆಯಲು ಬಂದ ಸೀತಾಫಲದ್ದು. ಅದು ಸೀತಾಫಲದ ಕಾಲವಲ್ಲ. ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಕೂತ.

ಕರ್ನೂಲು ಹೊಸ ಆಂಧ್ರ ರಾಜ್ಯದ ರಾಜಧಾನಿಯಾಗಿ ವರ್ಷವಾಗಿದ್ದರೂ ಹಾಲಹರವಿ ಸುತ್ತಿನ ಕುರಿಯವರಿಗೆ ಡಾಕ್ಟರೆಂದರೆ ಕೆಂಚಣ್ಣನ ಮೂಗೇ. ಆ ಮೂಗಿನ ಮೇಲೆ ಆತನಿಗೂ ತುಸು ಸೊಕ್ಕಿತ್ತು. ಗಬ್ಬದ ಕುರಿ ಮಂಕಾಗಿ ನಿಂತರೆ ಬಾಯಿ ಮೂಸಿ, "ಒಳಗ ಎರಡು ಮರಿ ಅದಾವ, ಮೇವು ಸಾಲವಲ್ದು. ತನ್ನ ಕೊಬ್ಬು ತಾನ ಕರಗಿಸಿಕೊಂಡು ಬದುಕಾಕತ್ತೈತಿ. ಅದು ಕರಗೋ ವಾಸನಿ ಇದು," ಅನ್ನುವನು. ಬೇಗ ಬೆಲ್ಲದ ನೀರು ಕುಡಿಸಿದರೆ ಕೆಲವು ಉಳಿಯುತ್ತಿದ್ದವು. ತಡವಾದರೆ ನಾಲ್ಕು ದಿನಕ್ಕೆ ತಾಯಿಯೂ ಇಲ್ಲ, ಮರಿಯೂ ಇಲ್ಲ.

ಸೊಸೆ ಉರುಕುಂದಮ್ಮನಿಗೆ ಎಂಟು ತಿಂಗಳು. ತವರು ಗೋನೆಗಂಡ್ಲದಿಂದ ದುಂಡುದುಂಡಗೆ ಬಂದ ಹುಡುಗಿಯ ಬಳೆಗಳು ಈಗ ಮೊಣಕೈವರೆಗೆ ಜಾರುತ್ತಿದ್ದವು. ಗಂಡ ಹನುಮಂತು ಆದೋನಿಯ ಹತ್ತಿ ಜಿನ್ನು ಗಿರಣಿಯಲ್ಲಿ ಕೆಲಸಕ್ಕಿದ್ದ; ಬರುವುದು ತಿಂಗಳಿಗೊಮ್ಮೆ. ಮಾವನಾದವನು ಸೊಸೆಯನ್ನು ಉಂಡೆಯಾ ಎಂದು ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಕೆಂಚಣ್ಣನಿಗೆ ಹೆದರಿಕೆಯಾಯಿತು. ಹೆಂಡತಿ ಕೊಂಡಮ್ಮನನ್ನು ಕುರಿ ದೊಡ್ಡಿಗೆ ಕರೆದ.

"ಸೊಸಿಗೆ ಎಷ್ಟು ರೊಟ್ಟಿ ಕೊಡ್ತಿ?"

"ದಿನಕ್ಕೊಂದು. ಕೂಸು ದಪ್ಪಾದ್ರ ಹೆರಿಗಿ ಹೆಂಗಾಗ್ಬೇಕು? ನಮ್ಮತ್ತಿ ನನಗೂ ಹಂಗ ಕೊಟ್ಟಾಳ."

"ಆಕಿ ಬಾಯಾಗ ವಾಸನಿ ಬರಾಕತ್ತೈತಿ."

ಕೊಂಡಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಸೊಸಿ ಬಾಯಿ ಮೂಸಾಕ ನಿನಗ ನಾಚಿಕಿ ಬ್ಯಾಡೇನು?"

ಕೆಂಚಣ್ಣ ಮೂಲೆಯಲ್ಲಿ ಮೇವು ಬಿಟ್ಟು ಮಲಗಿದ್ದ ಗಬ್ಬದ ಕರಿ ಕುರಿಯ ದವಡೆ ಹಿಡಿದೆತ್ತಿ, "ಮೂಸು," ಅಂದ. ಅವಳು ಬೈದುಕೊಳ್ಳುತ್ತಲೇ ಮೂಸಿದಳು.

"ಈಗ ಹೋಗಿ ಆಕೀದು ಮೂಸಿ ಬಾ."

ಹೋದವಳು ಬೇಗ ಬರಲಿಲ್ಲ. ಬಂದವಳೇ ಕುರಿಗೆಂದು ಕಲಸಿಟ್ಟಿದ್ದ ಬೆಲ್ಲದ ನೀರಿನ ಚರಿಗೆ ಎತ್ತಿಕೊಂಡು ಮತ್ತೆ ಒಳಗೆ ಹೋದಳು. ಕೆಂಚಣ್ಣ ಕುರಿಗೆ ಬೇರೆ ಕಲಸಿ ಕುಡಿಸಿದ. ಆಮೇಲೆ ಆದೋನಿ ದವಾಖಾನೆಗೆ ಹೋಗಲು ಬಂಡಿ ಹೊರಗೆಳೆದ. ಒಳಗೆ ಅತ್ತೆಯ ದನಿ ಕೇಳುತ್ತಿತ್ತು. "ಇನ್ನೊಂದು ತಿನ್ನವ್ವಾ. ಬ್ಯಾಡ ಅನಬ್ಯಾಡ."

ಹುಡುಗಿಗೆ ಒರಗಲು ಕೌದಿ ತಂದು ಬಂಡಿಯಲ್ಲಿ ಹಾಸಿದ ಕೊಂಡಮ್ಮ ಅಲ್ಲೇ ನಿಂತಳು.

"ಹನುಮಂತೂಗಿಂತ ಮೊದಲು ನನ್ನವು ಎರಡು ಹೊಟ್ಯಾಗ ಹೋದ್ವಲ್ಲ," ಅಂದಳು. "ಆಗ ನನ್ನ ಬಾಯಿ ವಾಸನಿ ಹೆಂಗಿತ್ತು?"

ಕೆಂಚಣ್ಣ ನೊಗಕ್ಕೆ ಹಗ್ಗ ಬಿಗಿಯುತ್ತಿದ್ದ. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದ.

"ಆಗ ನಾ ಕುರಿ ಕಾಯ್ಕೋತ ಅಡವ್ಯಾಗಿದ್ದೆ," ಅಂದ.